ಸಾಹೇಬರು ಮಲಗಿದರೆ ಸಹಿ ಯಾರದು?

ನಿಮ್ಮೂರಿನ ನಗರಸಭೆಯ ಪೌರಾಯುಕ್ತರಿಗೋ ಪಂಚಾಯ್ತಿಯ ಪಿಡಿಒ ಅವರಿಗೋ ಇಂದು ರಾತ್ರಿ ಎದೆನೋವು ಬಂದು, ಮಿರಜಕ್ಕೋ ಬೆಳಗಾವಿಗೋ ಒಯ್ದರು ಎನ್ನಿ. ನಾಳೆ ಬೆಳಿಗ್ಗೆ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ತರಿಸಲು ಯಾರು ಸಹಿ ಹಾಕುತ್ತಾರೆ? ಆರೋಗ್ಯದ ಅಂಕಣದಲ್ಲಿ ಇದೆಂಥ ಕಚೇರಿ ಮಾತು ಎಂದು ಹುಬ್ಬೇರಿಸಬೇಡಿ. ನಲ್ಲಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಉಳಿದಿರಬೇಕು. ಕಾಲರಾ ರೋಗಾಣು ಹೊಟ್ಟೆ ಸೇರಿದ ಕೆಲವೇ ಗಂಟೆಗಳಿಂದ 5 ದಿನದೊಳಗೆ ರೋಗ ತೋರಿಸುತ್ತದೆ. ಅದು ಯಾವ ಪ್ರಭಾರ ಆದೇಶಕ್ಕೂ ಕಾಯುವುದಿಲ್ಲ.

ಚುನಾಯಿತರ ವಿಷಯದಲ್ಲಿ ಕಾನೂನು ಸ್ವಲ್ಪ ಯೋಚಿಸಿದೆ. ಅಧ್ಯಕ್ಷರಿಲ್ಲದಾಗ ಉಪಾಧ್ಯಕ್ಷರು ಕೆಲಸ ನಡೆಸುತ್ತಾರೆ. ಶಾಸಕರ ಸ್ಥಾನ ತೆರವಾದರೆ ಸಾಮಾನ್ಯವಾಗಿ 6 ತಿಂಗಳೊಳಗೆ ಉಪಚುನಾವಣೆ ಆಗಬೇಕು. ಜಮಖಂಡಿಯವರಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ. ರೈತರನ್ನು ಕೂಡಿಸಿ 1989ರಲ್ಲಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿದ ಸಿದ್ದು ನ್ಯಾಮಗೌಡರು, ಶಾಸಕರಾಗಿ ಆಯ್ಕೆಯಾಗಿ ಇನ್ನೂ ಎರಡು ವಾರ ಕಳೆದಿರಲಿಲ್ಲ. 2018ರ ಮೇ 28ರಂದು ತುಳಸಿಗೇರಿ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಉಪಚುನಾವಣೆಯ ಮತದಾನ ನಡೆದದ್ದು ನವೆಂಬರ್ 3ಕ್ಕೆ. ಐದು ತಿಂಗಳ ಮೇಲಾಯಿತು. 2020ರ ಸೆಪ್ಟೆಂಬರಿನಲ್ಲಂತೂ ಕೋವಿಡ್ ಎಂಟೇ ದಿನಗಳಲ್ಲಿ ನಮ್ಮ ರಾಜ್ಯದ ಮೂವರನ್ನು ಒಯ್ದಿತು: 17ರಂದು ರಾಜ್ಯಸಭಾ ಸದಸ್ಯ ಅಶೋಕ ಗಸ್ತಿ, 23ರಂದು ಬೆಳಗಾವಿ ಸಂಸದ ಸುರೇಶ ಅಂಗಡಿ, 24ರಂದು ಬಸವಕಲ್ಯಾಣ ಶಾಸಕ ಬಿ. ನಾರಾಯಣರಾವ್. ಬೆಳಗಾವಿ, ಬಸವಕಲ್ಯಾಣಗಳಲ್ಲಿ ಮತದಾನ ಆದದ್ದು 2021ರ ಏಪ್ರಿಲ್ 17ಕ್ಕೆ. ಆರು ತಿಂಗಳ ಗಡುವೂ ಮೀರಿತ್ತು.

ಆದರೂ ಶಾಸಕರ ಕುರ್ಚಿ ಐದಾರು ತಿಂಗಳು ಖಾಲಿ ಬಿದ್ದರೆ ಯಾರಿಗೂ ವಾಂತಿಭೇದಿ ಆಗುವುದಿಲ್ಲ. (ರಾಜಕೀಯದ ಮಿತ್ರರು ಕ್ಷಮಿಸಬೇಕು.) ಪಿಡಿಒ, ಪೌರಾಯುಕ್ತ, ತಹಶೀಲ್ದಾರ, ತಾಲ್ಲೂಕು ಆರೋಗ್ಯಾಧಿಕಾರಿ, ಇವರ ಕುರ್ಚಿ ಮಳೆಗಾಲದಲ್ಲಿ ಐದು ದಿನ ಖಾಲಿ ಬಿದ್ದರೆ ಸಾಕು. ಮೇಲಿನಿಂದ ಪ್ರಭಾರದ ಆದೇಶ ಬರಬೇಕು, ಡಿಜಿಟಲ್ ಸಹಿಯ ಕೀ ಬದಲಾಗಬೇಕು, ಬ್ಯಾಂಕಿಗೆ ಪತ್ರ ಹೋಗಬೇಕು. ಪ್ರಭಾರ ವಹಿಸುವವರೋ ಆಗಲೇ ಇನ್ನೊಂದು ಪಂಚಾಯ್ತಿ ಹೊತ್ತವರು. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ ಮುಗಿದು, ಚುನಾವಣೆಯಿಲ್ಲದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಗೆ ಹೋದದ್ದನ್ನೂ ನೋಡಿದ್ದೀರಿ. ಒಬ್ಬರ ತಲೆಯ ಮೇಲೆ ಎರಡು ಮೂರು ಟೊಪ್ಪಿಗೆ ಇದ್ದಾಗ, ಅವರೊಬ್ಬರು ಹಾಸಿಗೆ ಹಿಡಿದರೆ ಅಷ್ಟೂ ಕುರ್ಚಿಗಳು ಒಟ್ಟಿಗೆ ಖಾಲಿ.

ವೈದ್ಯನಾಗಿ ನನ್ನನ್ನು ಹೆಚ್ಚು ಕಾಡುವುದು ಇದರ ಇನ್ನೊಂದು ಮುಖ. ಎರಡನೆಯವರಿಲ್ಲದ ಅಧಿಕಾರಿ ಸರಿಯಾಗಿ ಚಿಕಿತ್ಸೆಯನ್ನೇ ಪಡೆಯುವುದಿಲ್ಲ. ಐವತ್ತರ ಹತ್ತಿರದ ವಯಸ್ಸು, ಸಕ್ಕರೆ, ಬಿ.ಪಿ., ಜೊತೆಗೆ ನಡೆದರೆ ಎದೆ ಹಿಡಿದಂತಾಗುವ ತಕರಾರು. ಇಸಿಜಿ ನೋಡಿ ಆಂಜಿಯೋಗ್ರಾಮ್ ಮಾಡಿಸಿ ಎಂದರೆ ಉತ್ತರ ಒಂದೇ: “ಮುಂದಿನ ವಾರ ಮೀಟಿಂಗ್ ಐತ್ರಿ ಡಾಕ್ಟ್ರೇ, ಚಾರ್ಜ್ ಯಾರಿಗಿ ಕೊಡ್ಲಿ?” ಆ ಮುಂದಿನ ವಾರ ಬರುವುದೇ ಇಲ್ಲ. ಹೃದಯದ ರಕ್ತನಾಳ ಮುಚ್ಚಿದರೆ ಸ್ನಾಯು ಸಾಯಲು ವಾರ ಬೇಡ, ಗಂಟೆಗಳು ಸಾಕು. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಒಂದೆರಡು ಗಂಟೆಯಲ್ಲಿ ಬಿದ್ದರೆ ಸಿಗುವ ಲಾಭ, 12 ಗಂಟೆ ಕಳೆದ ಮೇಲೆ ಸಿಗದು. ಪಾರ್ಶ್ವವಾಯುವಿಗೆ ಇರುವ ಸಮಯ ಇನ್ನೂ ಕಡಿಮೆ, ನಾಲ್ಕೂವರೆ ಗಂಟೆ.

2020ರ ಆಗಸ್ಟಿನಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಕೋವಿಡ್ ಕೆಲಸದ ಒತ್ತಡವೇ ಕಾರಣವೆಂದು ಸರ್ಕಾರಿ ವೈದ್ಯರು ಬೀದಿಗಿಳಿದರು, ಸರ್ಕಾರ ತನಿಖೆಗೆ ಆದೇಶಿಸಿತು. ಒಂದು ಸಾವಿಗೆ ಒಂದೇ ಕಾರಣ ಹಚ್ಚುವುದು ವೈದ್ಯನ ಕೆಲಸವಲ್ಲ. ಆದರೆ ಸಾಂಕ್ರಾಮಿಕದ ನಡುವೆ “ನೀವು ನಾಲ್ಕು ದಿನ ಮನೆಗೆ ಹೋಗಿ, ನಾನು ನೋಡಿಕೊಳ್ಳುತ್ತೇನೆ” ಎನ್ನುವ ಎರಡನೆಯ ಅಧಿಕಾರಿ ಪ್ರತಿ ತಾಲ್ಲೂಕಿನಲ್ಲೂ ಇರಲೇಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ರಜೆ ಎಂಬುದೂ ಔಷಧಿಯೇ.

ಹಾಗಾದರೆ ಏನು ಮಾಡಬೇಕು? ಅಣುಬಾಂಬಿನ ಭಯದ ಕಾಲದಲ್ಲಿ ಅಮೆರಿಕದ ಹಲವು ರಾಜ್ಯಗಳು ಒಂದು ಕಾನೂನು ಮಾಡಿಕೊಂಡವು. ಸ್ಥಳೀಯ ಅಧಿಕಾರಿಯೂ ತನ್ನ ಬದಲಿಗೆ ನಿಲ್ಲುವವರ ಹೆಸರುಗಳನ್ನು ಕ್ರಮವಾಗಿ ಬರೆದಿಡಬೇಕು, ಮೊದಲನೆಯವರೂ ಸಿಗದಿದ್ದರೆ ಎರಡನೆಯವರು, ಆಮೇಲೆ ಮೂರನೆಯವರು. ನಮಗೆ ಅಣುಬಾಂಬು ಬೇಡ, ಕೃಷ್ಣೆ ಘಟಪ್ರಭೆಯರೇ ಸಾಕು. 2019ರ ಆಗಸ್ಟಿನಲ್ಲಿ ಮುಧೋಳ, ಜಮಖಂಡಿ ತಾಲ್ಲೂಕುಗಳ ಊರುಗಳಿಗೆ ನೀರು ನುಗ್ಗಿದ್ದು ನೆನಪಿದೆಯಲ್ಲ? ಆಗ ಒಬ್ಬ ಅಧಿಕಾರಿ ಜ್ವರದಿಂದ ಮಲಗಿದ್ದರೂ ಕಾಳಜಿ ಕೇಂದ್ರದ ಅನ್ನ ನೀರಿಗೆ ಅಡ್ಡಿಯಾಗಬಾರದು. ಆದ್ದರಿಂದ ಪ್ರತಿ ಹುದ್ದೆಗೆ ಮೂರು ಹೆಸರು, ಮಳೆಗಾಲಕ್ಕೆ ಮುಂಚೆಯೇ ಜಿಲ್ಲಾಧಿಕಾರಿಯ ಒಪ್ಪಿಗೆ, ಇಂತಿಷ್ಟು ಹಣದವರೆಗೆ ಖರ್ಚು ಮಾಡುವ ಅಧಿಕಾರ. ಹೆಸರಷ್ಟೇ ಇದ್ದು ಸಹಿಯ ಅಧಿಕಾರ ಇಲ್ಲದಿದ್ದರೆ ಆ ಪಟ್ಟಿ ಗೋಡೆಯ ಕ್ಯಾಲೆಂಡರ್.

ಇದಕ್ಕಿಂತ ಮುಖ್ಯವಾದದ್ದು ಆಸ್ಪತ್ರೆಗಳಲ್ಲಿ ದಿನಾ ನಡೆಯುವ ಕೆಲಸ. ಡ್ಯೂಟಿ ಮುಗಿಸಿ ಹೋಗುವ ವೈದ್ಯ, ಬರುವ ವೈದ್ಯನಿಗೆ ಯಾವ ಹಾಸಿಗೆಯ ರೋಗಿಯ ಮೇಲೆ ರಾತ್ರಿ ಕಣ್ಣಿಡಬೇಕೆಂದು ಬರೆದು ಹೇಳಿ ಹೋಗುತ್ತಾನೆ. ಪಂಚಾಯ್ತಿಗೂ ಅಂಥದೊಂದು ನೋಟ್‌ಬುಕ್ ಬೇಡವೇ? ಮುಖ್ಯ ವಾಲ್ವ್ ಎಲ್ಲಿದೆ, ಬ್ಲೀಚಿಂಗ್ ಪೌಡರ್ ಎಷ್ಟು ಉಳಿದಿದೆ, ಯಾವ ಕೊಳವೆಬಾವಿಯ ನೀರು ಕುಡಿಯಲು ಬಾರದು, ಟ್ಯಾಂಕರ್ ಯಾರದು. ಜೊತೆಗೆ ಊರಿನಲ್ಲಿ ತಿಂಗಳು ತುಂಬಿದ ಬಸುರಿಯರು, ಡಯಾಲಿಸಿಸ್‌ಗೆ ಹೋಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ಟಿ.ಬಿ. ಮಾತ್ರೆ ನುಂಗುವವರು ಎಷ್ಟು ಜನ. ಹೆಸರುಗಳು ಆಶಾ ಕಾರ್ಯಕರ್ತೆಯ ಬಳಿ ಇರಲಿ, ಗುಟ್ಟು ಗುಟ್ಟಾಗಿಯೇ ಉಳಿಯಲಿ. ಈಗ ಇದೆಲ್ಲ ಹಳೆಯ ವಾಟರ್‌ಮನ್ ಒಬ್ಬನ ತಲೆಯಲ್ಲಿದೆ. ಆತನಿಗೂ ಬಿ.ಪಿ. ಇದೆ.

ಬೀಳಗಿ ಇರಲಿ, ರಬಕವಿ-ಬನಹಟ್ಟಿ ಇರಲಿ, ಮುಂದಿನ ಗ್ರಾಮಸಭೆಗೋ ವಾರ್ಡ್ ಸಭೆಗೋ ಹೋದಾಗ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: “ಸಾಹೇಬ್ರ, ನೀವು ಇಲ್ಲದಾಗ ಯಾರು? ಅವರೂ ಇಲ್ಲದಾಗ ಯಾರು?” ನೀವೇ ಆ ಸಾಹೇಬರಾಗಿದ್ದರೆ, ಪಟ್ಟಿ ಬರೆದ ದಿನವೇ ಒಂದು ಇಸಿಜಿ, ಖಾಲಿ ಹೊಟ್ಟೆಯ ಸಕ್ಕರೆ, ಬಿ.ಪಿ. ನೋಡಿಸಿಕೊಳ್ಳಿ. ಮೇ ತಿಂಗಳಲ್ಲೇ ಬನ್ನಿ, ನದಿಗೆ ನೀರು ಬಂದ ಮೇಲೆ ನಿಮಗೆ ಪುರಸೊತ್ತು ಇರುವುದಿಲ್ಲ.