ನೀಲಿ ಚುಕ್ಕೆ ಬದು ದಾಟಿದಾಗ

ಮ್ಯಾಪ್ ತೆಗೆದರೆ ನೀವು ರಸ್ತೆಯ ಈ ಕಡೆ, ನೀಲಿ ಚುಕ್ಕೆ ಆ ಕಡೆ. ಬೆಂಗಳೂರಲ್ಲಾದರೆ ಎತ್ತರದ ಕಟ್ಟಡಗಳನ್ನ ಬೈದು ಸುಮ್ಮನಾಗಬಹುದು. ಕಲಘಟಗಿ ತಾಲ್ಲೂಕಿನ ನಮ್ಮ ದೇವಿಕೊಪ್ಪದ ಬಯಲು ಹೊಲದಲ್ಲಿ ಯಾರನ್ನ ಬೈಯೋದು?

ಬೆಳೆ ಸಮೀಕ್ಷೆಗೆ ಹೊಲದೊಳಗೇ ನಿಂತು ಆ್ಯಪ್‌ನಲ್ಲಿ ಫೋಟೋ ತೆಗೀಬೇಕು. ನಾಳೆ ವಿಮೆ, ಪರಿಹಾರ ಅಂತ ಹೋದರೆ ಆ ದಾಖಲೆಯೇ ಆಧಾರ. ಈ ಸಲ ಗೋವಿನಜೋಳದ ನಟ್ಟನಡುವೆ ನಿಂತರೂ ಚುಕ್ಕೆ ಬದು ದಾಟಿ ಪಕ್ಕದ ಹೊಲದಲ್ಲಿತ್ತು. ಕಾಕಾ ಇಣುಕಿ ನೋಡಿ, "ತಮ್ಮಾ, ನಿನ್ನ ಫೋನ್ ನಮ್ಮ ಬೆಳಿ ಮಂದಿಗೆ ಬರದ ಕೊಡಾಕತ್ತೇತಲ್ಲೋ" ಅಂದ್ರು.

ಇಂಥ ತಪ್ಪಿಗೆ ಕಾರಣ ಹಲವು. ದೊಡ್ಡದೊಂದು ನಮ್ಮ ನೆತ್ತಿಯ ಮೇಲೇ ಇದೆ: ಅಯಾನುಗೋಳ. ಸೂರ್ಯನ ಕಿರಣಗಳು ಗಾಳಿಯ ಕಣಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಬಿಡುವ ಪದರ ಇದು. 20,200 ಕಿ.ಮೀ. ಎತ್ತರದ ಜಿಪಿಎಸ್ ಉಪಗ್ರಹದಿಂದ ಬರುವ ಸಂಕೇತ ಇದನ್ನು ದಾಟುವಾಗ ತುಸು ತಡವಾಗುತ್ತೆ. ಫೋನ್ ಆ ತಡವನ್ನು ದೂರ ಅಂತ ಎಣಿಸುತ್ತೆ. ಬಿಸಿಲೇರಿದ ಮಧ್ಯಾಹ್ನ, ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ, ಈ ವ್ಯತ್ಯಾಸ ಹತ್ತು ಮೀಟರ್ ಮೀರಬಹುದು. ಜಿಪಿಎಸ್ ಜೊತೆಗೇ ಕಳಿಸುವ ತಿದ್ದುಪಡಿ ಸರಿಮಾಡೋದು ಸುಮಾರು ಅರ್ಧವನ್ನು ಮಾತ್ರ.

ಆದರೆ ವಿಜ್ಞಾನಿಗಳಿಗೆ ಈ ತಪ್ಪೇ ಅಳತೆಗೋಲು. ಒಂದೇ ಉಪಗ್ರಹ ಎರಡು ತರಂಗಾಂತರದಲ್ಲಿ ಸಂಕೇತ ಕಳಿಸಿದರೆ ಎರಡೂ ಒಂದೇ ಪ್ರಮಾಣದಲ್ಲಿ ತಡವಾಗೋದಿಲ್ಲ. ಆ ಅಂತರದಿಂದ ದಾರಿಯಲ್ಲಿ ಎಷ್ಟು ಎಲೆಕ್ಟ್ರಾನ್ ಇದ್ದವು ಅಂತ ಲೆಕ್ಕ ಹಾಕಬಹುದು. ರಾಕೆಟ್ ಹಾರಿಸದೆ, ನೆಲದ ಮೇಲೆ ಕೂತೇ ಆಕಾಶ ಅಳೆದಂತೆ.

ಭಾರತಕ್ಕೆ ಈ ಅಳತೆ ಬೇಕೇ ಬೇಕು. ಭೂಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲೇ ಹಾದುಹೋಗುತ್ತೆ. ಅಲ್ಲಿ ಮೇಲೆದ್ದ ಎಲೆಕ್ಟ್ರಾನ್‌ಗಳು ಉತ್ತರಕ್ಕೆ ಸರಿದು ರಾಶಿಯಾಗುತ್ತವೆ. ಸೂರ್ಯ ಮುಳುಗಿದ ಮೇಲೆ ಪದರದಲ್ಲಿ ಗುಳ್ಳೆಗಳೆದ್ದು ಸಂಕೇತ ಮಿಣುಕುತ್ತೆ. ಅದಕ್ಕೇ ವಿಮಾನಗಳಿಗಾಗಿ 'ಗಗನ್' ಕಟ್ಟುವಾಗ ಇಸ್ರೊ ನಮ್ಮ ಆಕಾಶಕ್ಕೆಂದೇ ಬೇರೆ ಅಯಾನುಗೋಳ ಮಾದರಿ ಮಾಡಬೇಕಾಯಿತು. ವಿಮಾನ ನಿಲ್ದಾಣ ಪ್ರಾಧಿಕಾರದ ಜೊತೆ ಕಟ್ಟಿದ ಈ ವ್ಯವಸ್ಥೆಗೆ ದೇಶದಲ್ಲಿ 15 ಕೇಂದ್ರಗಳು. ನಮ್ಮೂರಿಗೆ ಹತ್ತಿರದ್ದು ಗೋವಾದ್ದು. ನಿಯಂತ್ರಣ ಬೆಂಗಳೂರಿನ ಕುಂದಲಹಳ್ಳಿಯಿಂದ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ವಿಮಾನವೊಂದು 'ಗಗನ್' ನೆರವಿನಿಂದ ಇಳಿದು ತೋರಿಸಿತು.

ಕೇಂದ್ರಗಳು ವಿರಳ ಇರೋ ಕಡೆ ಏನು ಮಾಡೋದು? 2024ರ ನವೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಗೂಗಲ್ ಸಂಶೋಧಕರು ಉತ್ತರ ಕೊಟ್ಟರು. ಲಕ್ಷಾಂತರ ಆಂಡ್ರಾಯ್ಡ್ ಫೋನ್‌ಗಳ ಒರಟು ಅಳತೆಗಳನ್ನ ಒಟ್ಟುಗೂಡಿಸಿ ಅಯಾನುಗೋಳದ ನಕ್ಷೆ ಬರೆದರು. ಭಾರತದ ಮೇಲಿನ ಗುಳ್ಳೆಗಳೂ ಅದರಲ್ಲಿ ಕಂಡವು. ಒಂದು ಫೋನ್ ನಂಬಿಕೆಗೆ ಅರ್ಹ ಅಲ್ಲ, ಲಕ್ಷ ಫೋನ್ ಸೇರಿದರೆ ಉಪಕರಣ.

ಊರಿಗೆ ಹೋದಾಗ ಮನೆಯವರ ಹೊಲದ ಫೋಟೋ ನೀವೇ ತೆಗೆಯೋರಾದರೆ ಬೆಳಿಗ್ಗೆಯೇ ಹೋಗಿ. ಮರದ ನೆರಳು ಬಿಟ್ಟು ನಿಂತು, ಚುಕ್ಕೆಯ ಸುತ್ತಲಿನ ವೃತ್ತ ಕಿರಿದಾಗೋವರೆಗೆ ಕಾಯಿರಿ. ಫೋನ್ ಕೊಳ್ಳುವಾಗ ಕ್ಯಾಮೆರಾ ಜೊತೆ 'ಎಲ್‌5' ಇದೆಯಾ ಅಂತಾನೂ ಕೇಳಿ. ಎರಡನೇ ತರಂಗಾಂತರ ಹಿಡಿಯೋ ಫೋನ್‌ಗೆ ಆಕಾಶದ ಈ ಆಟ ಸ್ವಲ್ಪ ಬೇಗ ಗೊತ್ತಾಗುತ್ತೆ.