ಅಳತೆಗೋಲು ಮುಗಿದಲ್ಲಿ ಮನಸ್ಸು ಮುಗಿಯುವುದಿಲ್ಲ

ಮನಃಶಾಸ್ತ್ರದ ಯಾವ ಪಠ್ಯಪುಸ್ತಕ ತೆರೆದರೂ ಮೊದಲ ಅಧ್ಯಾಯದ ಕಥೆ ಹೆಚ್ಚೂಕಡಿಮೆ ಒಂದೇ. 1879ರಲ್ಲಿ ವಿಲ್ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದರು. ರಚನಾವಾದ ಬಂತು, ಕಾರ್ಯವಾದ ಅದನ್ನು ಪ್ರಶ್ನಿಸಿತು, ವರ್ತನಾವಾದ ಎರಡನ್ನೂ ಮೂಲೆಗೆ ತಳ್ಳಿತು. ನಡುವೆ ಗೆಸ್ಟಾಲ್ಟ್, ಪಕ್ಕದಲ್ಲಿ ಫ್ರಾಯ್ಡ್. ಪರೀಕ್ಷೆ ಬರೆಯಲು ಇಷ್ಟು ಸಾಕು. ಆದರೆ ಹೀಗೆ ಓದಿದವರಿಗೆ ಒಂದು ಪಂಥ ಸೋತು ಇನ್ನೊಂದು ಗೆದ್ದಂತೆ, ವಿಜ್ಞಾನ ಸಲೀಸಾಗಿ ಸತ್ಯದ ಮೆಟ್ಟಿಲು ಹತ್ತಿದಂತೆ ತೋರುತ್ತದೆ. ನಿಜವಾಗಿ ಪ್ರತಿ ಪಂಥವೂ ಒಂದು ಸಾಧನ ಹಿಡಿದು ಹೊರಟಿತು, ಅದಕ್ಕೆ ಸಿಕ್ಕಿದ್ದನ್ನೇ ಇಡೀ ಮನಸ್ಸು ಎಂದು ಸಾರಿತು.

ವುಂಟ್ ಅವರಿಗೆ ಸಿಕ್ಕಿದ್ದು ವಿದ್ಯಾರ್ಥಿಗಳ ಊಟದ ಮನೆಯಿದ್ದ ಕಟ್ಟಡದಲ್ಲೊಂದು ಕೋಣೆ. ಅಲ್ಲಿನ ಪ್ರಯೋಗಗಳಲ್ಲೊಂದು ಹೀಗಿತ್ತು: ಗುಂಡೊಂದು ಹಲಗೆಯ ಮೇಲೆ ಬೀಳುತ್ತದೆ. ಸದ್ದಾದ ಗಳಿಗೆಯಲ್ಲೇ ಹಿಪ್ ಕ್ರೋನೋಸ್ಕೋಪ್ ಎಂಬ ಗಡಿಯಾರದ ಮುಳ್ಳು ಓಡತೊಡಗುತ್ತದೆ. ಸದ್ದು ಕೇಳಿದವನು ಟೆಲಿಗ್ರಾಫ್ ಕೀಲಿಯನ್ನು ಆಡಿಸಿದೊಡನೆ ಮುಳ್ಳು ನಿಲ್ಲುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಲೆಕ್ಕ ಸಿಗುತ್ತದೆ. ಗಮನವನ್ನು ಬೆರಳಿನ ಮೇಲಿಡುವ ಬದಲು ಸದ್ದಿನ ಮೇಲಿಟ್ಟರೆ ಪ್ರತಿಕ್ರಿಯೆ ಸೆಕೆಂಡಿನ ಸುಮಾರು ಹತ್ತನೇ ಒಂದು ಭಾಗದಷ್ಟು ತಡವಾಗುತ್ತದೆ ಎಂದು ಇದೇ ಪ್ರಯೋಗಾಲಯದ ಲುಡ್ವಿಗ್ ಲಾಂಗೆ 1888ರಲ್ಲಿ ತೋರಿಸಿದರು. ಅಲ್ಲಿಯವರೆಗೆ ದಾರ್ಶನಿಕರ ಚರ್ಚೆಯ ವಸ್ತುವಾಗಿದ್ದ ‘ಗಮನ’ಕ್ಕೆ ಅಂಕಿ ಸಿಕ್ಕಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಈ ಗಡಿಯಾರದ ಮಿತಿ ವುಂಟ್ ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಭಾಷೆ, ಪುರಾಣ, ರೂಢಿ ಸಂಪ್ರದಾಯಗಳಲ್ಲಿ ಬೆಳೆಯುವ ಮನಸ್ಸು ಪ್ರಯೋಗಾಲಯದೊಳಗೆ ಸಿಗದು ಎಂದ ಅವರು, ಅದರ ಅಧ್ಯಯನಕ್ಕಾಗಿಯೇ 1900ರಿಂದ 1920ರವರೆಗೆ ಹತ್ತು ಸಂಪುಟಗಳನ್ನು ಬರೆದರು. ಶಿಷ್ಯರು ಗಡಿಯಾರವನ್ನು ಹೊತ್ತೊಯ್ದರು. ಆ ಸಂಪುಟಗಳನ್ನು ಲೈಪ್‌ಜಿಗ್‌ನಲ್ಲೇ ಬಿಟ್ಟರು.

1892ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದ ರಚನಾವಾದಿ ಎಡ್ವರ್ಡ್ ಟಿಚನರ್ ಅವರ ಸಾಧನ ಅಂತರಾವಲೋಕನ. ಮೇಜಿನ ಮೇಲಿನ ಹಣ್ಣನ್ನು ನೋಡಿ ‘ಹಣ್ಣು’ ಎಂದರೆ ಅವರಲ್ಲಿ ತಪ್ಪು ಉತ್ತರ. ಬಣ್ಣ, ಹೊಳಪು, ಆಕಾರದ ಸಂವೇದನೆಗಳನ್ನಷ್ಟೇ ವರದಿ ಮಾಡಬೇಕಿತ್ತು. ಇದಕ್ಕೆ ಕಟ್ಟುನಿಟ್ಟಿನ ತರಬೇತಿ ಇತ್ತು. ಜರ್ಮನಿಯ ವುರ್ಟ್ಸ್‌ಬರ್ಗ್ ಸಂಶೋಧಕರು ಮಾತ್ರ, ಯಾವ ಬಿಂಬವೂ ಇಲ್ಲದೆ ಆಲೋಚನೆ ಹುಟ್ಟುತ್ತದೆ ಎಂದರು. ಟಿಚನರ್ ಬಳಗಕ್ಕೆ ಎಲ್ಲೆಲ್ಲೂ ಬಿಂಬಗಳೇ ಕಂಡವು. ಎರಡೂ ಕಡೆ ಸಾಕ್ಷಿ ಅವರವರ ಒಳಮನಸ್ಸೇ ಆಗಿರುವಾಗ ತೀರ್ಪು ಕೊಡುವವರು ಯಾರು? ಜಗಳ ಬಗೆಹರಿಯಲಿಲ್ಲ, ರಚನಾವಾದ ಸೊರಗಿತು. ಮಕ್ಕಳು, ಪ್ರಾಣಿಗಳು, ಮನೋರೋಗಿಗಳು ಈ ವಿಧಾನದ ಹೊರಗೇ ಉಳಿದಿದ್ದರು.

ಮಹಿಳೆಯರದೂ ಅದೇ ಪಾಡು. 1904ರಲ್ಲಿ ಟಿಚನರ್ ಕಟ್ಟಿದ ಪ್ರಯೋಗಶೀಲರ ಕೂಟಕ್ಕೆ ಅವರಿಗೆ ಪ್ರವೇಶವೇ ಇರಲಿಲ್ಲ. ಹಾರ್ವರ್ಡ್‌ನ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಬಳಿ ಕಲಿತ ಮೇರಿ ಕಾಲ್ಕಿನ್ಸ್ ಪಿಎಚ್.ಡಿ.ಗೆ ಬೇಕಾದ್ದನ್ನೆಲ್ಲ ಪೂರೈಸಿದರೂ ಹೆಣ್ಣೆಂಬ ಕಾರಣಕ್ಕೆ ಹಾರ್ವರ್ಡ್ ಪದವಿ ಕೊಡಲಿಲ್ಲ. ಅದೇ ಕಾಲ್ಕಿನ್ಸ್ 1905ರಲ್ಲಿ ಅಮೆರಿಕದ ಮನಃಶಾಸ್ತ್ರ ಸಂಘದ ಅಧ್ಯಕ್ಷರಾದರು. ‘ಮನುಷ್ಯನ ಮನಸ್ಸು’ ಎಂದು ಆರಂಭದ ಸಂಶೋಧಕರು ಬರೆದಾಗ ಅದು ಬಹುಮಟ್ಟಿಗೆ ಅವರ ಸಹೋದ್ಯೋಗಿಗಳ ಮನಸ್ಸಾಗಿತ್ತು.

ಜಾನ್ ವಾಟ್ಸನ್ 1913ರಲ್ಲಿ ಇನ್ನೊಂದು ತುದಿಗೆ ಹೋದರು. ಪ್ರಜ್ಞೆಯ ಮಾತೇ ಬೇಡ, ಕಣ್ಣಿಗೆ ಕಾಣುವ ವರ್ತನೆಯಷ್ಟೇ ವಿಜ್ಞಾನ ಎಂದರು. ಅಂತರಾವಲೋಕನದ ಗೊಂದಲ ನೋಡಿದವರಿಗೆ ಇದು ಬಿಡುಗಡೆಯಂತೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮನಸ್ಸನ್ನು ಅಳೆಯಲು ತಮ್ಮ ಸಾಧನಕ್ಕೆ ಆಗದಿದ್ದುದಕ್ಕೆ ಮನಸ್ಸನ್ನೇ ತಳ್ಳಿಹಾಕಿದ್ದು, ಕುಣಿಯಲಾರದವಳು ನೆಲ ಡೊಂಕು ಅಂದಂತಾಯಿತು. 1920ರಲ್ಲಿ ವಾಟ್ಸನ್ ಮತ್ತು ರೊಸಾಲಿ ರೇನರ್ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. ‘ಆಲ್ಬರ್ಟ್’ ಎಂದು ಕರೆದ, ಇನ್ನೂ ವರ್ಷ ತುಂಬದ ಕೂಸು ಬಿಳಿ ಇಲಿಯನ್ನು ಮುಟ್ಟಲು ಹೋದಾಗಲೆಲ್ಲ ಹಿಂದಿನಿಂದ ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಬಡಿದರು. ಕೊನೆಗೆ ಇಲಿ ಕಂಡರೆ ಸಾಕು, ಮಗು ಅಳತೊಡಗಿತು. ಭಯ ಕಲಿಸಿದರು, ಅದನ್ನು ಬಿಡಿಸುವ ಕೆಲಸ ಮಾಡಲೇ ಇಲ್ಲ. ಒಂದೇ ಮಗುವಿನ ಮೇಲಿನ ಈ ಪ್ರಯೋಗ ಒಂದು ಇಡೀ ಸಿದ್ಧಾಂತಕ್ಕೆ ಆಧಾರವೆಂಬಂತೆ ದಶಕಗಟ್ಟಲೆ ಉಲ್ಲೇಖವಾಯಿತು.

ಗೆಸ್ಟಾಲ್ಟ್ ಪಂಥ ಬಿಡಿಬಿಡಿಯಾಗಿ ಒಡೆಯುವ ಚಾಳಿಯನ್ನೇ ಪ್ರಶ್ನಿಸಿತು. ಎರಡು ಗೆರೆಗಳನ್ನು ಒಂದರ ಹಿಂದೊಂದು ಸರಿಯಾದ ಅಂತರದಲ್ಲಿ ತೋರಿಸಿದರೆ ಒಂದೇ ಗೆರೆ ಚಲಿಸಿದಂತೆ ಕಾಣುತ್ತದೆ ಎಂಬ ಮ್ಯಾಕ್ಸ್ ವರ್ಟೈಮರ್ ಅವರ 1912ರ ಅಧ್ಯಯನ ಅದಕ್ಕೆ ಬುನಾದಿ. ಆ ಚಲನೆ ಬಿಡಿ ಗೆರೆಗಳಲ್ಲಿಲ್ಲ, ನೋಟದಲ್ಲಿದೆ. ಫ್ರಾಯ್ಡ್ ಅವರ ಸಾಧನ ರೋಗಿಯ ಮಾತು. ವಾಟ್ಸನ್ ಇಲ್ಲವೆಂದದ್ದನ್ನೆಲ್ಲ ಅವರು ಗಂಭೀರವಾಗಿ ಆಲಿಸಿದರು. ಆದರೆ ವಿಯೆನ್ನಾದ ಕೆಲವೇ ರೋಗಿಗಳಿಂದ ಮನುಕುಲಕ್ಕೆಲ್ಲ ಅನ್ವಯಿಸುವ ನಿಯಮ ಹೊರಡಿಸಿದರು. 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಕೋಲ್ಕತ್ತದ ಗಿರೀಂದ್ರಶೇಖರ ಬೋಸ್, ತಮ್ಮ ಭಾರತೀಯ ರೋಗಿಗಳಲ್ಲಿ ಕಾಣುವುದು ಬೇರೆಯೇ ಎಂದು ಫ್ರಾಯ್ಡ್ ಅವರಿಗೇ ಬರೆದು ತಿಳಿಸಿದ್ದರು.

ಈ ಪರಂಪರೆಯ ಒಂದು ಎಳೆ ಮೈಸೂರಿಗೂ ಬಂದಿದೆ. ವುಂಟ್ ಅವರ ಶಿಷ್ಯ ಚಾರ್ಲ್ಸ್ ಸ್ಪಿಯರ್‌ಮನ್, ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಶಿಷ್ಯ ಎಂ.ವಿ. ಗೋಪಾಲಸ್ವಾಮಿ. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಅವರಿಂದ ಮನಃಶಾಸ್ತ್ರ ವಿಭಾಗ ಶುರುವಾಯಿತು. ಆಗ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲ್ ದಾರ್ಶನಿಕರು. ದರ್ಶನವನ್ನು ಹೊರಗಟ್ಟದೆ ಪ್ರಯೋಗವನ್ನು ಒಳಕರೆದ ಆ ಆರಂಭ ಇಂದಿಗೂ ಒಳ್ಳೆಯ ಮಾದರಿ.

ಪಂಥಗಳ ಕಾಲ ಮುಗಿದಿರಬಹುದು, ಹಳೆಯ ಚಾಳಿ ಮುಗಿದಿಲ್ಲ. ಎಫ್‌ಎಂಆರ್‌ಐ ಯಂತ್ರ ಅಳೆಯುವುದು ಮಿದುಳಿನ ರಕ್ತದಲ್ಲಿ ಆಮ್ಲಜನಕದ ಏರಿಳಿತವನ್ನು. ಸುದ್ದಿಯಾಗುವಾಗ ಅದು ‘ಪ್ರೀತಿಯ ಕೇಂದ್ರ ಪತ್ತೆ’ ಆಗುತ್ತದೆ. ನಾಲ್ಕಾರು ಪ್ರಶ್ನೆಗಳ ವ್ಯಕ್ತಿತ್ವ ಪರೀಕ್ಷೆ ನೌಕರಿ ಯಾರಿಗೆ ಎಂಬುದನ್ನು ತೀರ್ಮಾನಿಸಲು ಹೊರಡುತ್ತದೆ. ಹಾಗಾಗಿ ಪದವಿಪೂರ್ವ ತರಗತಿಯ ಮಕ್ಕಳಿಗೆ ವಾದಗಳ ಹೆಸರು, ಇಸವಿಗಳನ್ನು ಉರು ಹೊಡೆಸುವುದಕ್ಕಿಂತ ಮೂರು ಪ್ರಶ್ನೆ ಕೇಳುವುದನ್ನು ಕಲಿಸಬೇಕು: ಅಳೆದದ್ದು ಯಾವುದರಿಂದ, ಯಾರನ್ನು ಅಳೆದರು, ಅಳತೆಗೆ ಸಿಗದೆ ಉಳಿದದ್ದೇನು? ಮನಸ್ಸಿನ ಬಗ್ಗೆ ಯಾರು ಏನೇ ಹೇಳಲಿ, ಈ ಮೂರಕ್ಕೆ ಉತ್ತರವಿಲ್ಲದಿದ್ದರೆ ಅದನ್ನು ವಿಜ್ಞಾನವೆಂದು ಒಪ್ಪಬೇಕಾಗಿಲ್ಲ.