ಟೆಗುವಿಗೆ ದೀಪದ ಬಿಸಿಲು, ಉಡಕ್ಕೆ ಕಲ್ಲೇಟು

ತರೀಕೆರೆ ಸಮೀಪದ ಅಡಿಕೆ ಬೆಳೆಗಾರರೊಬ್ಬರ ಮಗ ಈಚೆಗೆ ಒಂದು ಸಂಜೆ ನಮ್ಮ ಮನೆಗೆ ಬಂದ. ಬೆಂಗಳೂರಿನಿಂದ ರೈಲಿನಲ್ಲಿ ಚಪ್ಪಲಿಯ ಪೆಟ್ಟಿಗೆಯೊಳಗಿಟ್ಟು ತಂದಿದ್ದ ಹಲ್ಲಿಯ ಮರಿಯೊಂದನ್ನು ಮೇಜಿನ ಮೇಲಿರಿಸಿ, "ಸಾರ್, ಇದಕ್ಕೆ ಏನು ತಿನ್ನಿಸಬೇಕು? ಎರಡು ದಿನದಿಂದ ಏನೂ ಮುಟ್ಟುತ್ತಿಲ್ಲ" ಎಂದ. ಗೇಣುದ್ದದ ಮೈ, ಹಸಿರು ತಲೆ, ಕಪ್ಪು ಬಿಳುಪಿನ ಪಟ್ಟೆಗಳು. ದಕ್ಷಿಣ ಅಮೆರಿಕದ ಬ್ರೆಜಿಲ್, ಅರ್ಜೆಂಟೀನಾ, ಪರಾಗ್ವೆ, ಉರುಗ್ವೆಗಳಲ್ಲಿ ವಾಸಿಸುವ ಟೆಗುವಿನ ಮರಿ ಅದು. ಅಡಿಕೆಯ ಬೇರುಹುಳಕ್ಕೆ ಪರಿಹಾರ ಹೇಳುವವನಿಗೆ ಇದರ ವಿಷಯವೂ ತಿಳಿದಿರುತ್ತದೆಂದು ಅವನ ನಂಬಿಕೆ.

ಹಸಿದ ಜೀವದ ಎದುರಿನಲ್ಲಿ ಉಪದೇಶ ಸಲ್ಲದು. ಆದುದರಿಂದ ಮೊದಲು ಅವನ ಪ್ರಶ್ನೆಗೆ ಉತ್ತರಿಸಿದೆ. ಆ ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ. ಏಕೆಂದರೆ ಮಾರಿದವರು ಅದನ್ನು ಅವನಿಗೆ ಹೇಳಿರಲಿಲ್ಲ.

ಟೆಗು ತಣ್ಣನೆಯ ರಕ್ತದ ಪ್ರಾಣಿ. ಉಂಡದ್ದು ಅರಗಬೇಕಾದರೆ ಅದಕ್ಕೆ ಹೊರಗಿನ ಬಿಸಿ ಬೇಕು. ಗೂಡಿನ ಒಂದು ಮೂಲೆ ನಲವತ್ತು ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಾದಿರಬೇಕು. ಇನ್ನೊಂದು ಮೂಲೆ ಇಪ್ಪತ್ತೈದರ ಆಸುಪಾಸಿನಲ್ಲಿ ತಂಪಾಗಿರಬೇಕು. ಗಾಳಿಯಲ್ಲಿ ತೇವ ಹೆಚ್ಚಿರಬೇಕು, ತೋಡಿಕೊಳ್ಳಲು ಆಳವಾದ ಮಣ್ಣಿರಬೇಕು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಮೈಗೆ ತಾಗಬೇಕು. ಕಿಟಕಿಯ ಗಾಜಿನ ಮೂಲಕ ಬರುವ ಬೆಳಕಿನಲ್ಲಿ ಆ ಗುಣವಿಲ್ಲ, ಆದ್ದರಿಂದ ಮನೆಯೊಳಗೆ ಅದಕ್ಕಾಗಿಯೇ ತಯಾರಾದ ದೀಪ ಬೇಕು. ಅದಿಲ್ಲವಾದರೆ ಡಿ ಜೀವಸತ್ವ ಹುಟ್ಟದು, ತಿಂದ ಸುಣ್ಣದಂಶ ಮೂಳೆಗೆ ಸೇರದು. ದವಡೆ ಮೆತ್ತಗಾಗಿ, ಕಾಲುಗಳು ಸೊಟ್ಟಗಾಗಿ, ಕಡೆಗೆ ಮೈ ನಡುಗುತ್ತ ಮರಿ ಸಾಯುತ್ತದೆ. ಎಳೆಯ ಮರಿಗೆ ದಿನವೂ ಜೀವಂತ ಕೀಟಗಳು ಬೇಕು; ಬೆಳೆದಂತೆ ಮೊಟ್ಟೆ, ಮಾಂಸ, ಹಣ್ಣು. ಮುಟ್ಟಿದವರು ಸೋಪಿನಿಂದ ಕೈ ತೊಳೆಯಲೇಬೇಕು. ಸರೀಸೃಪಗಳ ಮಲದಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರುವುದುಂಟು, ಅದು ಚಿಕ್ಕ ಮಕ್ಕಳಿಗೆ ಅಪಾಯಕಾರಿ.

ಇಷ್ಟನ್ನೂ ಕೇಳಿ ಹುಡುಗ ಕೇಳಿದ್ದು ಒಂದೇ: "ಕರೆಂಟು ಹೋದಾಗ?"

ಕಡೂರು, ತರೀಕೆರೆ, ಅಜ್ಜಂಪುರಗಳ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ವಿದ್ಯುತ್ತು ಬರುವ ಹೊತ್ತನ್ನು ಕಾಯುತ್ತ ನಡುರಾತ್ರಿ ಎದ್ದು ಕೂರುವ ರೈತರಿಗೆ ಆ ಪ್ರಶ್ನೆಯ ಅರ್ಥ ತಿಳಿದೀತು. ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳ ವೈದ್ಯರು ಹಸು, ಎಮ್ಮೆ, ಕುರಿಗಳ ವಿಷಯದಲ್ಲಿ ನುರಿತವರು. ಟೆಗುವಿನ ಮೂಳೆರೋಗಕ್ಕೆ ಅವರಲ್ಲಿ ಚಿಕಿತ್ಸೆ ಹುಡುಕುವುದು ನ್ಯಾಯವಲ್ಲ. ಇನ್ನು ಮೂರು ವರ್ಷಗಳಲ್ಲಿ ಇದೇ ಮರಿ ನಾಲ್ಕು ಅಡಿ ಉದ್ದ ಬೆಳೆಯುತ್ತದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಗೂಡು ಬೇಡುತ್ತದೆ. ಹದಿನೈದು ಇಪ್ಪತ್ತು ವರ್ಷ ಬದುಕುತ್ತದೆ. ಅಷ್ಟರಲ್ಲಿ ಹುಡುಗ ಪದವಿ ಮುಗಿಸಿ ಊರು ಬಿಟ್ಟಿರುತ್ತಾನೆ. ಸಾಕುವವರು ಯಾರು? ಅವನ ತಾಯಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಅವನ ಮುಂದಿನ ಮಾತು: "ಸಾಕಲು ಆಗದಿದ್ದರೆ ಭದ್ರಾ ಕಾಡಿನ ಅಂಚಿಗೆ ಬಿಟ್ಟುಬಿಡುತ್ತೇನೆ. ಪಾಪ, ಸ್ವತಂತ್ರವಾಗಿ ಬದುಕಿಕೊಳ್ಳಲಿ."

ಈ 'ಪಾಪ'ದ ಫಲವೇನೆಂಬುದನ್ನು ಅಮೆರಿಕದ ಫ್ಲಾರಿಡಾ ರಾಜ್ಯ ಅನುಭವಿಸುತ್ತಿದೆ. ಮನೆಗಳಿಂದ ತಪ್ಪಿಸಿಕೊಂಡ, ಬೇಸತ್ತು ಬಿಟ್ಟ ಟೆಗುಗಳು ಅಲ್ಲಿ ಕಾಡಿನಲ್ಲಿ ನೆಲೆಯೂರಿವೆ. ಹೆಣ್ಣೊಂದು ವರ್ಷಕ್ಕೊಮ್ಮೆ ಸುಮಾರು 35 ಮೊಟ್ಟೆಗಳನ್ನಿಡುತ್ತದೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ, ಆಮೆಗಳ, ಮೊಸಳೆ ಜಾತಿಯ ಅಲಿಗೇಟರ್‌ಗಳ ಮೊಟ್ಟೆಗಳನ್ನೂ ಅವು ಬಿಡುವುದಿಲ್ಲ. 2021ರಲ್ಲಿ ಆ ರಾಜ್ಯ ಟೆಗುವನ್ನು ನಿಷೇಧಿತ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಆದರೆ ಅದಾಗಲೇ ಬೋನುಗಳನ್ನಿಟ್ಟು ಹಿಡಿಯುವ ಕೆಲಸ ವರ್ಷಗಳಿಂದ ನಡೆಯುತ್ತಿತ್ತು.

ಟೆಗುವಿನ ತವರು ಬಯಲು ಹುಲ್ಲುಗಾವಲು ಮತ್ತು ಕಾಡಿನಂಚು. ನಮ್ಮ ಸೀಮೆಯೂ ಅಂಥದೇ. ಪಶ್ಚಿಮಕ್ಕೆ ಭದ್ರಾ ಅಭಯಾರಣ್ಯ, ಪೂರ್ವಕ್ಕೆ ಅಜ್ಜಂಪುರ, ಕಡೂರುಗಳ ಅಮೃತಮಹಲ್ ಕಾವಲುಗಳು. ಅವುಗಳಲ್ಲೊಂದಾದ ಬಾಸೂರು ಕಾವಲನ್ನು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲೆಂದು ಘೋಷಿಸಲಾಯಿತು. ಅಲ್ಲಿನ ಟಿಟ್ಟಿಭ, ಗೌಜಲಕ್ಕಿ, ನವಿಲುಗಳೆಲ್ಲ ನೆಲದಲ್ಲೇ ಮೊಟ್ಟೆಯಿಡುವವು. ಅಲ್ಲಿ ಟೆಗು ನೆಲೆಯೂರಿಯೇ ತೀರುತ್ತದೆಂದು ನಾನು ಭವಿಷ್ಯ ನುಡಿಯಲಾರೆ. ಊರಲಾರದೆಂದು ಭರವಸೆ ಕೊಡುವ ಧೈರ್ಯವಂತೂ ಯಾವ ವಿಜ್ಞಾನಿಗೂ ಇರಕೂಡದು.

ಹೊರಗಿನಿಂದ ಬಂದದ್ದನ್ನು ಮರಳಿ ಕಳಿಸಲಾಗದೆಂಬುದನ್ನು ಈ ಭಾಗದ ರೈತನಿಗೆ ಯಾರೂ ಕಲಿಸಬೇಕಿಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ನಮ್ಮ ತೆಂಗಿನ ಕಾಯಿಗಳನ್ನು ಕುಗ್ಗಿಸಿತು. ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದೇ 2018ರಲ್ಲಿ, ನಮ್ಮ ನೆರೆಯ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅಂದಿನಿಂದ ಮೆಕ್ಕೆಜೋಳಕ್ಕೆ ಔಷಧಿ ಹೊಡೆಯದ ಹಂಗಾಮಿಲ್ಲ. ಅವನ್ನು ಯಾರೂ ಪ್ರೀತಿಯಿಂದ ತರಲಿಲ್ಲ, ನಿಜ. ಆದರೆ ಪ್ರೀತಿಯಿಂದ ತಂದದ್ದೆಂಬ ಕಾರಣಕ್ಕೆ ಪ್ರಕೃತಿ ರಿಯಾಯಿತಿ ತೋರಿಸುವುದಿಲ್ಲ. ಲಂಟಾನವನ್ನು ಹೂವಿನ ಚೆಲುವಿಗೆಂದೇ ತಂದರು!

ಸಾಕುವವರ ಪರವಾದ ವಾದವನ್ನೂ ಕೇಳೋಣ. "ಇವು ಕಾಡಿನಿಂದ ಹಿಡಿದವಲ್ಲ, ಸಾಕಣೆಯಲ್ಲೇ ಹುಟ್ಟಿದವು, ಇವುಗಳ ಮೂಲಕ ಮಕ್ಕಳಲ್ಲಿ ಜೀವಪ್ರೀತಿ ಬೆಳೆಯುತ್ತದೆ" ಎನ್ನುತ್ತಾರೆ. ಟೆಗು ಚುರುಕಿನ ಪ್ರಾಣಿ, ಮನುಷ್ಯರಿಗೆ ಒಗ್ಗುತ್ತದೆ, ಒಪ್ಪಿದೆ. ಹುಡುಗನ ಕಣ್ಣಿನಲ್ಲಿದ್ದ ಅಕ್ಕರೆಯೂ ಸುಳ್ಳಲ್ಲ. ಆದರೆ ಈ ವ್ಯಾಪಾರದ ಮತ್ತೊಂದು ಮುಖವನ್ನು ನೋಡಿ. 2023ರ ಜನವರಿಯಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯವು ಬೆಂಗಳೂರಿನ ತೋಟದ ಮನೆಯೊಂದರಲ್ಲಿ 48 ಜಾತಿಗಳ 139 ಪ್ರಾಣಿಗಳನ್ನು ವಶಪಡಿಸಿಕೊಂಡಿತು. ಅದೇ ಆಗಸ್ಟಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನ ಪೆಟ್ಟಿಗೆಯಲ್ಲಿ 234 ಜೀವಿಗಳಿದ್ದವು. ಅವುಗಳ ನಡುವೆ ಸತ್ತುಹೋದ ಕಾಂಗರೂ ಮರಿಯೊಂದಿತ್ತು. ಇದೇನು ಜೀವಪ್ರೀತಿ?

ಜೀವಪ್ರೀತಿಗೆ ನಮ್ಮ ಹಿತ್ತಲಿನಲ್ಲೇ ಉಡವಿದೆ. ಹೊಲದ ಬದುವಿನಲ್ಲಿ, ಹುತ್ತದಲ್ಲಿ ವಾಸಿಸುತ್ತ ದುಂಬಿ, ಗೊಬ್ಬರದ ಹುಳು, ಬಸವನಹುಳು, ಇಲಿಗಳನ್ನು ತಿಂದು ಸಂಬಳವಿಲ್ಲದೆ ದುಡಿಯುವ ಜೀವ. ಅದಕ್ಕೆ ನಾವು ಕೊಟ್ಟಿರುವುದೇನು? ಮನೆಗೆ ಬಂದರೆ ದಾರಿದ್ರ್ಯವೆಂಬ ಅಪವಾದ, ಹೆದ್ದಾರಿಯಲ್ಲಿ ಲಾರಿಯ ಚಕ್ರ, ಬೇಲಿಯಲ್ಲಿ ಉರುಳು, ಮಾಂಸಕ್ಕಾಗಿ ಕಲ್ಲೇಟು. ಅದರ ಜನನಾಂಗವನ್ನು ಒಣಗಿಸಿ 'ಹತ್ತಾ ಜೋಡಿ' ಎಂಬ ಅದೃಷ್ಟದ ಬೇರೆಂದು ಮಾರುವ ವಂಚಕರೂ ಇದ್ದಾರೆ. ಕಾಯ್ದೆಯ ಮೊದಲನೆಯ ಪರಿಶಿಷ್ಟದಲ್ಲಿರುವ ಈ ಪ್ರಾಣಿಯನ್ನು ಕೊಂದರೆ ಕನಿಷ್ಠ ಮೂರು ವರ್ಷ ಸೆರೆಮನೆ. ಹಿತ್ತಲ ಗಿಡ ಮದ್ದಲ್ಲ. ಹಿತ್ತಲ ಉಡ ಮುದ್ದೂ ಅಲ್ಲವೇ?

ಇನ್ನು ಸರ್ಕಾರದ ನಡೆ. 2020ರ ಜೂನ್‌ನಲ್ಲಿ ಕೇಂದ್ರವು, ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ಆರು ತಿಂಗಳೊಳಗೆ ಸ್ವಯಂ ಘೋಷಿಸಿಕೊಂಡರೆ ದಾಖಲೆ ಕೇಳುವುದಿಲ್ಲವೆಂದಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಕಾಯ್ದೆಯ ತಿದ್ದುಪಡಿ ಮತ್ತು 2024ರ ಫೆಬ್ರವರಿಯ ನಿಯಮಗಳ ಪ್ರಕಾರ, ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಟೆಗುವಿನಂಥ ಜೀವಿಗಳನ್ನು ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಲೇಬೇಕು. ಇದು ಬೇಕಾದದ್ದೇ. ಆದರೆ ನೋಂದಣಿಯು 'ಈ ಪ್ರಾಣಿ ಯಾರದು' ಎಂದು ಕೇಳುತ್ತದೆಯೇ ಹೊರತು 'ಇದು ಈ ನೆಲದಲ್ಲಿರಬೇಕೇ' ಎಂದು ಕೇಳುವುದಿಲ್ಲ. ಆ ಪ್ರಶ್ನೆ ಕೇಳುವ ಅಧಿಕಾರವನ್ನು ಅದೇ ತಿದ್ದುಪಡಿ 62ಎ ಕಲಮಿನಲ್ಲಿ ಕೇಂದ್ರಕ್ಕೆ ಕೊಟ್ಟಿದೆ: ಆಕ್ರಮಣಕಾರಿ ಪರಕೀಯ ಪ್ರಭೇದಗಳ ಆಮದು, ಮಾರಾಟ, ಸ್ವಾಧೀನಗಳನ್ನು ನಿಷೇಧಿಸಬಹುದು. ಟೆಗುವನ್ನು ಆ ಕಲಮಿನಡಿ ತರಬೇಕೆಂಬುದು ನಮ್ಮ ಒತ್ತಾಯವಾಗಲಿ. ಗ್ರಾಮಸಭೆಗಳು ಈ ಬಗ್ಗೆ ನಿರ್ಣಯ ಮಾಡಿ ಕಳಿಸಲಿ.

ಆ ಹುಡುಗನ ಬಳಿ ಕೊಂಡದ್ದಕ್ಕೆ ಚೀಟಿಯೊಂದನ್ನುಳಿದು ಬೇರೆ ಕಾಗದವಿರಲಿಲ್ಲ. ಅರಣ್ಯ ಇಲಾಖೆಗೆ ವಿಷಯ ತಿಳಿಸಿ ಮರಿಯನ್ನು ಒಪ್ಪಿಸುವ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಸಹಿ ಹಾಕಲು ಅವನು ಎರಡು ದಿನ ತೆಗೆದುಕೊಂಡ. ಆ ಎರಡು ದಿನವೂ ಮರಿಯನ್ನು ಬೆಳಗಿನ ಎಳೆಬಿಸಿಲಿಗೆ ಹಿಡಿದು ಕೂತಿದ್ದನೆಂದು ಅವನ ತಾಯಿ ಹೇಳಿದರು. ಕಡೆಗೆ ಅದು ಒಂದು ಮಿಡತೆಯನ್ನು ತಿಂದಿತಂತೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಕೊಳ್ಳಬೇಡಿ. ಕೊಂಡಿದ್ದರೆ ಮುಚ್ಚಿಡಬೇಡಿ. ಯಾವ ಕಾರಣಕ್ಕೂ ಕಾಡಿಗೆ, ಕೆರೆಗೆ, ಕಾವಲಿಗೆ ಬಿಡಬೇಡಿ. ನಾಳೆ ನಿಮ್ಮ ಬದುವಿನಲ್ಲಿ ಉಡವೊಂದು ಬಿಸಿಲು ಕಾಯಿಸುತ್ತಿದ್ದರೆ ಕೈಯಲ್ಲಿರುವ ಕಲ್ಲನ್ನು ಕೆಳಗಿಟ್ಟು, ನಿಮ್ಮ ಮಕ್ಕಳನ್ನು ಕರೆದು ದೂರದಿಂದ ತೋರಿಸಿ. ಅದಕ್ಕೆ ಗೂಡೂ ಬೇಡ, ದೀಪವೂ ಬೇಡ. ಬಿಸಿಲಿಗೆ ಬಿಲ್ಲು ಕಟ್ಟುವ ಕಷ್ಟವೂ ಇಲ್ಲ.